ರಾಜಶೇಖರನ ಗೇರ್‌ಬಾಕ್ಸ್ ಸೋರಿದ ಖರೇ ಕತಿ

ಹಾಂ, ಒತ್ತಿ ಹಿಡದೇನಿ, ಈಗ ದನಿ ಹೊಂಟಿರಬೇಕು. ಸೌಮ್ಯಾ, ನೀ ನಿನ್ನೆ ಮನಿತನದ ಗ್ರೂಪಿನ್ಯಾಗ ಕೇಳೀದಿ, "ಅಪ್ಪಾ, ರಾಜಣ್ಣನ ಗಾಡಿ ಸೋರಿದ್ದು ನಿನ್ನ ಸಲುವಾಗಂತ, ಖರೇ ಏನು?" ಅಂತ. ಅದರ ಕೆಳಗ ಎಂಟು ಮಂದಿ ನಗೂ ಮಾರಿ ಹಾಕ್ಯಾರ. ಗದಗಿನ ಬೀಗರೂ ಹಾಕ್ಯಾರ. ಅವರ ಟ್ರ್ಯಾಕ್ಟರ್ ಮೂರು ವರ್ಷದಿಂದ ಹಿತ್ತಲದಾಗ ನಿಂತೈತಿ, ಸ್ಟೇರಿಂಗಿಗೆ ಹೀರಿಕಾಯಿ ಬಳ್ಳಿ ಸುತ್ಕೊಂಡೈತಿ, ಅವರು ನನಗ ನಗ್ತಾರ. ನಗ್ಲಿ. ಟೈಪ್ ಮಾಡಾಕ ನನಗ ಕೈ ಬರೂದಿಲ್ಲ, ಬಾಯಿ ಬರ್ತೈತಿ. ಕೇಳ್ರಿ ಎಲ್ಲಾರೂ.

ನಾ ಮೂವತ್ತೊಂದು ವರ್ಷ ಸ್ವಂತ ಲಾರಿ ಹೊಡದಾಂವ. ಹತ್ತಿ ಅಂಡಗಿ ಹೇರಿ ಎಲ್ಲೆಲ್ಲಿ ಹೋಗೇನಿ ಅಂತ ಹೇಳ್ಕೋತ ಕುಂತ್ರ ನಿಮ್ಮ ಫೋನಿನ ಹೊಟ್ಟಿ ತುಂಬತೈತಿ, ಬ್ಯಾಡ. ಆ ಲಾರಿಯ ಹಿಂದಿನ ಬಾಗಲಾ ಬಡದು ನನ್ನ ಬಲಗೈ ಉಂಗುರಬಟ್ಟು ಅರ್ಧಾ ಹೋಗೇತಿ. ದಿನಾ ಮುಂಜಾನೆ ಹಣಿಗೆ ವಿಭೂತಿ ಎಳದ್ರ ಎರಡು ಗೆರಿ ಉದ್ದ, ಮೂರನೇದು ಗಿಡ್ಡ. "ಅಜ್ಜನ ಹಣಿ ಮ್ಯಾಲ ಟವರ್ ಕಡಿಮಿ ಬರಾಕತ್ತೈತಿ" ಅಂತ ಮನ್ಯಾಗಿನ ಹುಡುಗ್ರು ನಗತಿರ್ತಾವು. ಇದನ್ನ ಯಾಕ ಹೇಳಿದೆ ಅಂದ್ರ ಮುಂದ ಕೆಲಸಕ್ಕ ಬರ್ತೈತಿ.

ಆ ಲಾರಿಯ ರಿಪೇರಿ ಎಲ್ಲಾ ಲಾಲಸಾಬಂದು. ಹಳೇ ಹುಬ್ಬಳ್ಳ್ಯಾಗ ಅವನ ಗ್ಯಾರೇಜು, ನನ್ನ ವಾರಗಿಯಾಂವ. ನನ್ನ ಲಾರಿ ನನ್ನ ಮಾತಿಗಿಂತ ಅವನ ಮಾತು ಹೆಚ್ಚು ಕೇಳ್ತಿತ್ತು. ಅಂವ ಬಾನೆಟ್ ಮ್ಯಾಲ ಕೈ ಇಟ್ಟು "ಏನವ್ವಾ" ಅಂದ್ರ ಸಾಕು, ಚಾಲೂ.

ಇನ್ನ ರಾಜಶೇಖರ. ನಮ್ಮ ತಮ್ಮನ ಮಗಾ. ದುರ್ಗದಬೈಲಿನ ಅರಬಿ ಅಂಗಡ್ಯಾಗ ಹನ್ನೊಂದು ವರ್ಷ ಸೀರಿ ಬಿಚ್ಚಿ ತೋರಿಸಿ, ಮತ್ತ ಮಡಚಿ ಇಟ್ಟು, ಕಡೀಕ ಒಂದಿನ ಹೆಂಡತಿ ದಾಕ್ಷಾಯಿಣಿಗೆ "ನಾ ಇನ್ನ ಮಡಚಾಂಗಿಲ್ಲ" ಅಂದ. ಒಂದು ಹಳೇ ಟ್ರಕ್ ತಗೊಂಡ. ತಾರಿಹಾಳದಾಗ ಒಂದು ಬಿಸ್ಕೀಟ್ ಫ್ಯಾಕ್ಟರಿ ಐತಿ. ಅಲ್ಲಿಂದ ಲಕಮನಹಳ್ಳಿ ಗೋಡೌನಿಗೆ ದಿನಾ ಎರಡು ಖೇಪು. ಆ ಪಾಳಿ ಒಂದ ಅವನ ಜೀವನಾ. ಅದು ಹೋದ್ರ ಮತ್ತ ಸೀರಿ ಮಡಚೂದ.

ಆದ್ರ ಆ ಫ್ಯಾಕ್ಟರಿ ಮಂದಿ ಭಾಳ ಮಡಿ. ತಿನ್ನೂ ವಸ್ತು ಮಾಡೂ ಜಾಗಾ ಅಂತ ಅಂಗಳಕ್ಕೆಲ್ಲಾ ಹೊಸಾ ಕಾಂಕ್ರೀಟ್ ಹಾಕ್ಯಾರ. ಮೂರು ತಿಂಗಳಿಗೊಮ್ಮೆ ಪ್ರತಿ ಗಾಡೀನೂ ಗೇಟಿನ್ಯಾಗ ನಿಲ್ಲಿಸಿ, ಕೆಳಗ ಬಿಳೇ ರಟ್ಟು ಹಾಸಿ, ಅರ್ಧಾ ತಾಸು ಕಾಯ್ತಾರ. ಒಂದು ಹನಿ ಎಣ್ಣಿ ಬಿದ್ರ ಗಾಡಿ ಹೊರಗ. ನಮ್ಮ ಮನ್ಯಾಗ ಸ್ವಾಮಿಗಳು ಬಂದ್ರೂ ಇಷ್ಟು ಸ್ವಚ್ಛ ಕೇಳೂದಿಲ್ಲ.

ತಡೀರಿ, ದಾಕ್ಷಾಯಿಣಿ ಚಹಾ ತಂದ್ಳು.

ಹಾಂ, ಮತ್ತ ಒತ್ತೇನಿ. ಎಲ್ಲಿದ್ವಿ? ಗೇರ್‌ಬಾಕ್ಸ್. ಗೇರ್‌ಬಾಕ್ಸ್ ಎಣ್ಣಿ ಬದಲಿ ಮಾಡೂ ಹೊತ್ತು ಬಂತು. ಲಾಲಸಾಬನ ಗ್ಯಾರೇಜ್ ಮುಂದ ಚಹಾ ಕುಡ್ಕೋತ ನಿಂತಾಗ ಅಂವ ರಾಜಶೇಖರಗ ಅಂದ, "ಗಾಡಿ ಬಿಟ್ಟು ಹೋಗಪಾ, ಎರಡು ದಿನದಾಗ ಕೊಡ್ತೇನಿ."

ಇಂವ ಫೋನ್ ತಗದು ತೋರಿಸಿದ. "ಬ್ಯಾಡ ಚಾಚಾ, ಈಗ ಎಲ್ಲಾ ಇದರಾಗ ಐತಿ. ಹನ್ನೊಂದು ಮಿನಿಟಿನ ವಿಡಿಯೋ."

ಸುತ್ತ ನಾಕೈದು ಮಂದಿ ನಿಂತಿದ್ರು. ಲಾಲಸಾಬ ಕೈ ಒರಸಿಗೊಂಡು ಸಮಾಧಾನದಿಂದ ಅಂದ, "ಛಲೋ ಆತು. ಹನ್ನೆರಡನೇ ಮಿನಿಟಿಗೆ ನನ್ನ ಕಡೆ ಬರಬ್ಯಾಡ."

ಮನಿ ಬಾಜೂಕ ಖಾಲಿ ಜಾಗಾದಾಗ ಕೆಲಸಾ ಸುರು ಆತು. ರಾಜಶೇಖರ ಕ್ಯಾಬಿನ್ ಮುಂದಕ್ಕ ಬಗ್ಗಿಸಿದ, ಹಳೇ ಎಣ್ಣಿ ಇಳಿಸಿದ, ಗೇರ್‌ಬಾಕ್ಸಿನ ಮ್ಯಾಲಿನ ಮುಚ್ಚಳಾ ಬಿಚ್ಚಿದ, ತೊಳದ, ಸಂದಿಯಿಂದ ಎಣ್ಣಿ ಸೋರದಂಗ ಹೊಸಾ ಪ್ಯಾಕಿಂಗ್ ಹಾಕಿದ, ಹೊಸಾ ಎಣ್ಣಿ ಹೊಯ್ದ. ಫೋನನ್ನ ಗಾಲಿಗೆ ಆನಿಸಿ ಇಟ್ಟಿದ್ದ. ಅದರಾಗ ಒಬ್ಬಾಂವ "ಹಲೋ ಫ್ರೆಂಡ್ಸ್, ಹಲೋ ಫ್ರೆಂಡ್ಸ್" ಅಂತ ಒದರತಿದ್ದ. ನಾ ಹೊರಸಿನ ಮ್ಯಾಲ ಕುಂತು ತಪ್ಪು ಹುಡುಕಾಕತ್ತಿದ್ದೆ. ಖರೇ ಹೇಳ್ತೇನಿ, ಸಿಗಲಿಲ್ಲ. ಸೀರಿ ಮಡಚಿದ ಕೈ, ಪ್ಯಾಕಿಂಗ್ ಎಷ್ಟು ನೀಟಾಗಿ ಕುಂದ್ರಿಸಿದ್ದ ಅಂದ್ರ ಸೆರಗಿನ ಅಂಚು ನೋಡಿದಂಗ ಇತ್ತು. ನನಗ ಭಾಳ ಬ್ಯಾಸರಾತು.

ಮರುದಿನಾ ಅಮಾಸಿ. ಅಮಾಸಿಗೆ ಗಾಡಿ ಪೂಜಾ ಮಾಡಬೇಕಲ್ಲ, ಮಾಡಿದ್ವಿ. ಮಾಡಿದ್ವಿ ಅಂದ್ರ ನಾ ಮಾಡಿದೆ, ಹಿರ್ಯಾಂವ ನಾನ ಅಲ್ಲೇನು? ಅದು ಬಿಡ್ರಿ, ಸಣ್ಣ ಮಾತು. ಅದರ ಮರುದಿನಾ ಇಂವ ಗೇರ್‌ಬಾಕ್ಸಿಗೆ ಪೂರ್ತಿ ಬೆಳ್ಳಿ ಬಣ್ಣಾ ಬಳದ.

"ಯಾಕ್ಲೇ, ಇದನ್ನ ಯಾರು ನೋಡ್ತಾರ?" ಅಂದೆ.

"ನಾನೂ ಒಂದು ವಿಡಿಯೋ ಬಿಡ್ತೇನಿ ದೊಡ್ಡಪ್ಪಾ. ಹೊಳೀಬೇಕು."

ಒಂದು ವಾರ ಹೊಳೀತು. ಎಂಟನೇ ದಿನಾ ಮುಂಜಾನೆ ದಾಕ್ಷಾಯಿಣಿ ಅಂಗಳದಾಗಿಂದ ಕರದ್ಳು. "ಏನ್ರಿ, ಬರ್ರಿ ಇಲ್ಲೆ. ರಂಗೋಲಿಗೆ ನಾ ಹದಿನೈದು ಚುಕ್ಕಿ ಇಟ್ಟೇನಿ. ಈ ಹದಿನಾರನೇದು ಯಾರು ಇಟ್ರು?"

ಹದಿನಾರನೇದು ಕರ್ರಗಿತ್ತು, ವಾಸನಿ ಹೊಡೀತಿತ್ತು. ಗಾಡಿಯ ಹೊಟ್ಟಿ ಕೆಳಗಿಂದ ಇನ್ನೊಂದು ಬಿತ್ತು. ಹದಿನೇಳು.

ಅಲ್ಲಿಂದ ನಮ್ಮ ಹುಡುಗನ ಸಂಶೋಧನಾ ಸುರು. ಮೊದಲ ಅಂದ, "ಕೆಳಗಿನ ಎಣ್ಣಿ ಬಿಡೂ ಬೋಲ್ಟ್ ಸಡಲ ಐತಿ." ಬೋಲ್ಟ್ ತಿರುವೂ ಪಾನಾಕ್ಕ ಉದ್ದನ ಪೈಪ್ ಸಿಗಿಸಿ ಬಿಗದ. ಎಷ್ಟು ಬಿಗದ ಅಂದ್ರ ಇನ್ನ ಅದನ್ನ ಬಿಚ್ಚಾಕ ಅವನ ಮೊಮ್ಮಗಾ ಹುಟ್ಟಬೇಕು. ಸೋರ್ತು. ಆಮ್ಯಾಲ ಅಂದ, "ಎಣ್ಣಿ ಹೆಚ್ಚಾಗೇತಿ." ಬಾಜೂದಾಗಿನ ತೂತಿನಿಂದ ಸ್ವಲ್ಪ ತಗದ. ಸೋರ್ತು. "ಹಿಂದಿನ ರಬ್ಬರ್ ಸೀಲ್ ಹೋಗೇತಿ" ಅಂತ ಅದನ್ನ ಬದಲಿ ಮಾಡಿದ. ಸೋರ್ತು. "ಸೀಲ್ ನಕಲಿ ಇತ್ತು" ಅಂತ ಇನ್ನೊಂದು ತಂದ. ಅದು ಅಸಲಿ ಇತ್ತು, ಅಸಲಿ ಹಂಗ ಸೋರ್ತು.

ನಾ ದಿನಾ ಹೊರಸಿನ ಮ್ಯಾಲ ಕುಂತು ಅಂತಿದ್ದೆ, "ಲಾಲಸಾಬನ ಕಡೆ ಹೋಗಿದ್ರ ಹಿಂಗ ಆಗ್ತಿತ್ತೇನು? ಬಿಚ್ಚಾಂವ ಒಬ್ಬಾಂವ ಇದ್ರ ಗಾಡಿ ನೆಟ್ಟಗ ಇರ್ತೈತಿ. ತಿಳೀಲಾರದವ್ರು ಗಾಡಿ ಮುಟ್ಟಬಾರದು." ಈ ಮಾತನ್ನ ನಾ ಹದಿನೈದು ದಿನಾ, ದಿನಕ್ಕ ಮೂರು ಸಲ ಅಂದೇನಿ. ದಾಕ್ಷಾಯಿಣಿ ಸಾಕ್ಷಿ ಅದಾಳ. ಅಕಿ ಈಗ ಆ ಮಾತನ್ನ ನನಗ ವಾಪಸ್ ಹೇಳ್ತಿರ್ತಾಳ, ಚಹಾ ಕೊಡೂಮುಂದ.

ಅಷ್ಟರಾಗ ಫ್ಯಾಕ್ಟರಿಯಿಂದ ಫೋನ್ ಬಂತು. ಶುಕ್ರವಾರ ಗಾಡಿ ಚೆಕ್ ಐತಿ, ಹತ್ತಕ್ಕ ಬರ್ರಿ.

ಇಂವ ಶುಕ್ರವಾರ ಮುಂಜಾನೆ ಏನ್ ಮಾಡಿದ ಕೇಳ್ರಿ. ಅವನ ಸಣ್ಣ ಮಗಳ ಡೈಪರ್ ಎರಡು ತಗೊಂಡು, ಗೇರ್‌ಬಾಕ್ಸಿನ ಕೆಳಗ ಸುತ್ತಿ, ಸುತಳಿಯಿಂದ ಕಟ್ಟಿದ. "ಅರ್ಧಾ ತಾಸಿನ ಮಾತೈತಿ ದೊಡ್ಡಪ್ಪಾ, ಹೀರ್ಕೊಂತೈತಿ" ಅಂದ. ನನಗೂ ಅದು ಛಲೋ ಐಡಿಯಾ ಅನಿಸ್ತು. ಅನಿಸಿದ್ದು ಅನಿಸ್ತು ಅಂತ ಹೇಳಾಕ ನನಗೇನ ನಾಚಿಕಿ ಇಲ್ಲ.

ಗೇಟಿನ್ಯಾಗ ಕಾವಲಿಗೆ ಕುಮಾರಸ್ವಾಮಿ ಅಂತ ಒಬ್ಬಾಂವ. ಮನಷ್ಯಾ ಛಲೋ, ಅವನ ಟಾರ್ಚ್ ಕೆಟ್ಟದ್ದು, ಯಾವ ಮೂಲಿನೂ ಬಿಡೂದಿಲ್ಲ. ರಟ್ಟು ಹಾಸಿದ, ಬಗ್ಗಿದ, ಟಾರ್ಚ್ ಹಾಕಿದ, ಭಾಳ ಹೊತ್ತು ನೋಡಿದ. ಎದ್ದು ನಿಂತು ರಾಜಶೇಖರನ ಮಾರಿ ನೋಡಿದ.

"ಗಾಡಿಗೆ ಎಷ್ಟು ತಿಂಗಳ್ರಿ?" ಅಂದ.

ಅಲ್ಲಿದ್ದ ಡ್ರೈವರ್‌ಗೋಳು ಹೊಟ್ಟಿ ಹಿಡಕೊಂಡು ನೆಲಕ್ಕ ಕುಂತ್ರು. ಕುಮಾರಸ್ವಾಮಿ ಮಾತ್ರ ನಗಲಿಲ್ಲ. "ನೋಡ್ರಿ, ಇದನ್ನ ನಾ ನೋಡಿಲ್ಲಂತ ಬರಕೊಂತೇನಿ. ಸೋಮವಾರ ಹತ್ತಕ್ಕ ಮತ್ತ ಬರ್ರಿ. ಅವತ್ತು ಒಂದು ಹನಿ ಬಿತ್ತಂದ್ರ ನಿಮ್ಮ ಪಾಳಿ ಬ್ಯಾರೆಯವರಿಗೆ ಹೋತು. ನನ್ನ ಕೈಯಾಗ ಏನೂ ಇಲ್ಲ."

ಮನಿಗೆ ಬಂದು ರಾಜಶೇಖರ ಊಟಾ ಮಾಡಲಿಲ್ಲ. ಹಾಸಿಗಿ ಮ್ಯಾಲಿನ ಚಾದರ ತಗದು ಮಡಚಾಕತ್ತ. ಮಡಚೂದು, ಬಿಚ್ಚೂದು, ಮತ್ತ ಮಡಚೂದು. ದಾಕ್ಷಾಯಿಣಿಗೆ ಅದನ್ನ ನೋಡಾಕ ಆಗಲಿಲ್ಲ. "ಲಾಲಸಾಬ ಚಾಚಾನ ಕಡೆ ಹೋಗ್ರಿ" ಅಂದ್ಳು.

"ಯಾವ ಮಾರಿ ಹೊತ್ಗೊಂಡು ಹೋಗ್ಲಿ?"

"ಇದ ಮಾರಿ. ಬ್ಯಾರೆ ಎಲ್ಲೈತಿ ನಿಮ್ಮ ಕಡೆ?"

ಐತವಾರ ಮುಂಜಾನೆ ನಾನ ಮುಂದ ಕುಂತು ಕರ್ಕೊಂಡು ಹೋದೆ. ಹಾದಿ ಪೂರ್ತಿ ಬುದ್ಧಿ ಹೇಳಿದೆ. ಲಾಲಸಾಬ ಸ್ಟೂಲಿನ ಮ್ಯಾಲ ಕುಂತು ಚಹಾದಾಗ ಬ್ರೆಡ್ ಅದ್ದಾಕತ್ತಿದ್ದ. ತಲಿ ಎತ್ತಲಿಲ್ಲ.

"ಹನ್ನೆರಡನೇ ಮಿನಿಟ್ ಆತೇನು?" ಅಂದ.

"ತಪ್ಪಾತು ಚಾಚಾ."

"ಫೋನ್ ಎಲ್ಲೈತಿ?"

"ಕಿಸೇದಾಗ."

"ಆ ಪಾನಾ ಪೆಟಿಗ್ಯಾಗ ಹಾಕಿ ಮುಚ್ಚು."

ಹಾಕಿದ. ಆಮ್ಯಾಲ ಲಾಲಸಾಬ ಎದ್ದ. ಗಾಡಿ ಕೆಳಗ ನೋಡ್ತಾನ ಅಂದ್ಕೊಂಡ್ರ ನಮ್ಮಿಬ್ಬರ ಮಾರಿ ನೋಡಿದ. "ಸೋರೂ ಜಾಗಾ ಆಮ್ಯಾಲ ಹುಡುಕೂಣು. ಸೋರೂದಕ್ಕಿಂತ ಮೊದಲ ಇದನ್ನ ಯಾರ್ಯಾರು ಮುಟ್ಟಿದ್ರಿ, ಅದನ್ನ ಹೇಳ್ರಿ."

"ನಾ ಒಬ್ಬನ" ಅಂದ ರಾಜಶೇಖರ.

"ಹೌದು, ಇಂವ ಒಬ್ಬನ" ಅಂದೆ ನಾನೂ. ಅನ್ನಬಾರದಿತ್ತು. ಆದ್ರ ಆಗ ನನಗ ನೆನಪ ಇರಲಿಲ್ಲ, ದೇವರಾಣಿ.

ಲಾಲಸಾಬ ಕೆಳಗ ಹೋಗಿ ಇಡೀ ಗೇರ್‌ಬಾಕ್ಸನ್ನ ಡೀಸೆಲ್ಲಿಂದ ತೊಳದ, ಅರಬಿಯಿಂದ ಒರಸಿದ, ಒಣಗಿಸಿದ. "ಈಗ ಪೌಡರ್ ಬೇಕು. ಪೌಡರ್ ಉದುರಿಸಿ ಗಾಡಿ ಓಡಿಸಿದ್ರ ಎಲ್ಲಿ ಒದ್ದಿ ಆಗ್ತೈತಿ ಅಲ್ಲೆ ಸೋರ್ತೈತಿ. ಮಾರಿಗೆ ಹಚ್ಚೂ ಪೌಡರ್ ಆದ್ರೂ ನಡೀತೈತಿ." ಗ್ಯಾರೇಜಿನ್ಯಾಗ ಮಾರಿಗೆ ಪೌಡರ್ ಹಚ್ಚೂ ಮಂದಿ ಎಲ್ಲಿ ಬರಬೇಕು? ನಾ ಕಿಸೇದಾಗಿಂದ ವಿಭೂತಿ ಗಟ್ಟಿ ತಗದು ಕೊಟ್ಟೆ. ಅದು ಯಾವಾಗಲೂ ನನ್ನ ಕಿಸೇದಾಗ ಇರ್ತೈತಿ.

ಲಾಲಸಾಬ ಅದನ್ನ ಅಂಗೈಯಾಗ ಹಿಡಕೊಂಡು ನನ್ನ ನೋಡಿದ. "ಮಡಿವಾಳಪ್ಪಾ, ನಿನ್ನ ದೇವರು ಸಿಟ್ಟಾಗಾಂಗಿಲ್ಲಲ್ಲ?"

"ಗಾಡಿ ನೆಟ್ಟಗಾದ್ರ ಆಗಾಂಗಿಲ್ಲ."

"ನೆಟ್ಟಗಾಗಲಿಲ್ಲಂದ್ರ?"

"ನಿನ್ನ ಹೆಸರ ಹೇಳ್ತೇನಿ."

ಕುಟ್ಟಿ ಪುಡಿ ಮಾಡಿ ಉದುರಿಸಿದ. ಗೇರ್‌ಬಾಕ್ಸ್ ಮಠಕ್ಕ ಹೊಂಟವರಂಗ ಕಾಣಾಕತ್ತು. ಗಬ್ಬೂರ ತನಕ ಓಡಿಸಿಕೊಂಡು ಬಂದ್ವಿ. ಬಂದು ನೋಡಿದ್ರ ಆ ಬಿಳೇ ಪುಡಿ ಮುಂದಿನ ಸೀಲಿನ ಕಡೆ ಒದ್ದಿ, ಹಿಂದಿನ ಸೀಲಿನ ಕಡೆ ಒದ್ದಿ, ಮ್ಯಾಲಿನ ಮುಚ್ಚಳದ ಸುತ್ತನೂ ಒದ್ದಿ.

"ಮೂರೂ ಕಡೆ ಹೋಗೇತಿ" ಅಂತ ರಾಜಶೇಖರ ಅಲ್ಲೆ ನೆಲಕ್ಕ ಕುಂತ. "ಮುಗೀತು. ಇನ್ನ ಸೋಮವಾರಕ್ಕ ಆಗಾಂಗಿಲ್ಲ."

"ಒಂದ ದಿನಾ ಮೂರು ಸೀಲ್ ಸಾಯೂದಿಲ್ಲಪಾ" ಅಂದ ಲಾಲಸಾಬ, ಗಡ್ಡಾ ಕೆರಕೋತ. "ಒಳಗ ಏನೋ ಒತ್ತಾಕತ್ತೈತಿ."

ಆ ಹೊತ್ತಿಗೆ ದಾಕ್ಷಾಯಿಣಿ ರೊಟ್ಟಿ ಗಂಟು ತಗೊಂಡು ಬಂದ್ಳು. ಮೂರು ಕಡೆ ಒದ್ದಿ ಆಗಿದ್ದನ್ನ ಬಗ್ಗಿ ನೋಡಿದ್ಳು. "ಚಾಚಾ, ನಮ್ಮ ಕುಕ್ಕರ್ ಹಿಂಗ ಮಾಡಿತ್ರಿ" ಅಂದ್ಳು. "ಸೀಟಿ ತೂತಿನ್ಯಾಗ ಅಕ್ಕಿಕಾಳು ಸಿಕ್ಕೊಂಡಿತ್ತು. ಉಗಿಗೆ ಹೋಗಾಕ ಹಾದಿ ಇಲ್ಲದ ರಬ್ಬರಿನ ಸುತ್ತಲಿಂದ ನೀರು ಬರಾಕತ್ತು. ಇವರು ರಬ್ಬರ್ ತರ್ತೇನಿ ಅಂತ ಹೊಂಟಿದ್ರು. ನಾ ಸೂಜಿ ಹಾಕಿ ಕಾಳು ತಗದೆ, ಆತು."

ಲಾಲಸಾಬ ಗಡ್ಡಾ ಕೆರಿಯೂದು ಬಿಟ್ಟ. ಆಮ್ಯಾಲ ರಾಜಶೇಖರನ ಕಡೆ ತಿರುಗಿದ. "ಉಸ್ತಾದ ನಿನ್ನ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ. ನೀ ಫೋನಿನ್ಯಾಗ ಹುಡುಕಾಕತ್ತಿದ್ದಿ."

ಗೇರ್‌ಬಾಕ್ಸಿಗೂ ಒಂದು ಸೀಟಿ ಇರ್ತೈತಂತ. ನನಗ ಅವತ್ತ ಗೊತ್ತಾತು. ಮುಚ್ಚಳದ ಮ್ಯಾಲ ಸಣ್ಣದೊಂದು ಟೊಪ್ಪಿಗಿ, ಹೆಬ್ಬಟ್ಟಿನ ತುದಿಯಷ್ಟು. ಎಣ್ಣಿ ಕಾದಾಗ ಒಳಗಿನ ಗಾಳಿ ಅದರ ಕೆಳಗಿಂದ ಹೊರಗ ಹೋಗ್ತೈತಿ. ಅದು ಮುಚ್ಚಿದ್ರ ಗಾಳಿ ಎಣ್ಣೀನ್ನ ಸಿಕ್ಕ ಸಂದಿಗೆಲ್ಲಾ ದೂಡ್ತೈತಿ.

ಕ್ಯಾಬಿನ್ ಬಗ್ಗಿಸಿದ್ರು. ಟೊಪ್ಪಿಗಿ ಇರಬೇಕಾದ ಜಾಗಾದಾಗ ಒಂದು ಬೆಳ್ಳಿ ಗಡ್ಡಿ ಕುಂತಿತ್ತು, ಬೆಲ್ಲದ ಅಚ್ಚಿನಂಗ. ಲಾಲಸಾಬ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಕ ಒಂದು ಏಟು ಹಾಕಿದ. ಹೆಕ್ಕಳಿಕಿ ಚಿಪ್ಪಿನಂಗ ಎದ್ದು ಬಂತು. ಒಳಗಿಂದ ಸುಂಯ್ ಅಂತ ಉಸಿರು ಬಂತು ನೋಡ್ರಿ, ಮೂರು ವಾರ ಮೂಗು ಹಿಡಕೊಂಡಾಂವ ಬಿಟ್ಟಂಗ. ಎಲ್ಲಾರೂ ಒಂದಿಷ್ಟು ಹಿಂದಕ್ಕ ಸರದ್ವಿ.

ಲಾಲಸಾಬ ಆ ಹೆಕ್ಕಳಿಕೀನ್ನ ಅಂಗೈಯಾಗ ಇಟ್ಗೊಂಡು ಬಿಸಲಿಗೆ ಹಿಡದ. ಮ್ಯಾಲ ಬೆಳ್ಳಿ ಬಣ್ಣಾ. ಒಳಗೆಲ್ಲಾ ಬೆಳ್ಳಗ, ಕಾದು ಕಾದು ಗ್ವಾಡಿ ಗಿಲಾವಿನಂಗ ಗಟ್ಟಿ ಆಗೇತಿ. ಬಣ್ಣದ ಮ್ಯಾಲ ಬಟ್ಟು ಎಳದ ಗುರುತು ಮೂಡೇತಿ. ಎರಡು ಉದ್ದ. ಒಂದು ಗಿಡ್ಡ.

"ಮಡಿವಾಳಪ್ಪಾ" ಅಂದ, "ಸ್ವಲ್ಪ ಹಣಿ ಇತ್ತಾಗ ತಿರುಗ್ಸು."

ತಿರುಗಿಸಲಿಲ್ಲ ನಾ. ಗ್ವಾಡಿ ಕಡೆ ನೋಡಿದೆ. ದಾಕ್ಷಾಯಿಣಿ ಸೆರಗು ಬಾಯಾಗ ತುರಕೊಂಡ್ಳು. ಅಕಿ ನನ್ನ ಎದುರಿಗೆ ನಕ್ಕದ್ದು ಅದ ಮೊದಲ ಸಲ, ಮುಂದ ನಿಂತ ಇಲ್ಲ.

ಈಗ ಹೇಳ್ತೇನಿ ಕೇಳ್ರಿ. ಆ ಅಮಾಸಿ ದಿನಾ ಪೂಜಾ ಮಾಡೂಮುಂದ ಕ್ಯಾಬಿನ್ ಬಗ್ಗಿಸೇ ಇತ್ತು. ಗೇರ್‌ಬಾಕ್ಸಿನ ನೆತ್ತಿ ಮ್ಯಾಲ ಈ ಟೊಪ್ಪಿಗಿ, ಗುಂಡಗ, ಥೇಟ್ ಸಣ್ಣ ಲಿಂಗದಂಗ. ಅದಕ್ಕ ಬಿಟ್ಟು ಬ್ಯಾರೆ ಎಲ್ಲಿ ವಿಭೂತಿ ಹಚ್ಚಬೇಕ್ರಿ? ಮುಟ್ಟಿದ್ರ ಗಡಗಡ ಅಲ್ಲಾಡಾಕತ್ತು. ಹುಡುಗ ಬಿಗಿ ಮಾಡೂದು ಮರತಾನ, ಎಲ್ಲಿ ಬಿದ್ದು ಹೋಗ್ತೈತೋ ಅಂತ ನಾ ವಿಭೂತಿ ದಪ್ಪಗ ಕಲಸಿ, ಸುತ್ತ ತುಂಬಿ, ಒತ್ತಿ, ಮ್ಯಾಲ ಮೂರು ಬಟ್ಟು ಎಳದೆ. ಗಟ್ಟಿ ಕುಂತಿತು. ನನಗ ಸಮಾಧಾನಾತು, ಕಡೀಕ ಒಂದು ತಪ್ಪು ಸಿಕ್ತು ಅಂತ.

"ಅದು ಅಲ್ಲಾಡಬೇಕೋ ಮಾರಾಯಾ" ಅಂದ ಲಾಲಸಾಬ. "ಅಲ್ಲಾಡೂದ ಅದರ ಕೆಲಸಾ. ಮೂವತ್ತೊಂದು ವರ್ಷ ಗಾಡಿ ಹೊಡದಿ, ಇಷ್ಟ ಗೊತ್ತಿಲ್ಲ?"

"ಹೊಡದಾಂವ ನಾ. ಬಿಚ್ಚಿದಾಂವ ನೀ. ನನಗ ಹೆಂಗ ಗೊತ್ತಾಗ್ತೈತಿ?"

ಆಮ್ಯಾಲ ರಾಜಶೇಖರನ ಪಾಳಿ. "ಬಣ್ಣಾ ಬಳ್ಯೂಮುಂದ ಈ ಗಡ್ಡಿ ಕಾಣಲಿಲ್ಲೇನು ನಿನಗ?"

"ಕಂಡಿತ್ತು ಚಾಚಾ. ದೊಡ್ಡಪ್ಪಾರು ಅಮಾಸಿಗೆ ಹಚ್ಚಿದ ವಿಭೂತಿ, ಕೆರದ್ರ ಪಾಪ ಬರ್ತೈತಂತ ಬಿಟ್ಟೆ."

"ಕೆರದ್ರ ಪಾಪ. ಬಣ್ಣಾ ಬಳದ್ರ ಪುಣ್ಯ." ಲಾಲಸಾಬ ಟೊಪ್ಪಿಗಿ ಬಿಚ್ಚಿ ತೊಳದು, ಊದಿ ನೋಡಿ, ಮತ್ತ ಸಡಲ ಕುಂದ್ರಿಸಿದ. ಮುಂದಿನ ಸೀಲ್ ಒಂದು ಒತ್ತಡಕ್ಕ ರಬ್ಬರಿನ ತುಟಿ ಹರಕೊಂಡಿತ್ತು, ಅದನ್ನಷ್ಟ ಬದಲಿ ಮಾಡಿದ. ಹಿಂದಿನದನ್ನ ನೋಡಿ, "ಇದನ್ನ ಹಾಕಿದಾಂವ ಯಾರು?" ಅಂದ.

"ನಾ" ಅಂದ ಇಂವ, ಅಂಜಿಕೋತ.

"ಛಲೋ ಹಾಕೀದಿ" ಅಂದ. ಅದೊಂದ ಮಾತಿಗೆ ನಮ್ಮ ಹುಡುಗನ ಕಣ್ಣು ಒದ್ದಿ ಆದ್ವು. ಇದನ್ನ ಹೇಳಬ್ಯಾಡ ಅಂದಾನ, ಹೇಳಿಬಿಟ್ಟೆ.

ಸೋಮವಾರ. ದಾಕ್ಷಾಯಿಣಿ ನನ್ನ ಕಿಸೇ ಝಡತಿ ಮಾಡಿ, ವಿಭೂತಿ ಗಟ್ಟಿ ತಗದು ದೇವರ ಜಗಲಿ ಮ್ಯಾಲ ಇಟ್ಟು, ಆಮ್ಯಾಲ ಗಾಡಿ ಹತ್ತಾಕ ಬಿಟ್ಳು. ಗೇಟಿನ್ಯಾಗ ಕುಮಾರಸ್ವಾಮಿ ಮೊದಲ ಬಗ್ಗಿ ನೋಡಿ, "ಇವತ್ತ ಚಡ್ಡಿ ಇಲ್ಲ" ಅಂದ. ಹೊಸಾ ರಟ್ಟು ಹಾಸಿದ. ಗಡಿಯಾರ ನೋಡಿದ.

ಅರ್ಧಾ ತಾಸು ಎಷ್ಟು ಉದ್ದ ಇರ್ತೈತಿ ಅಂತ ನನಗ ಆಗ ಗೊತ್ತಾತು. ನಾ ಕಟ್ಟಿ ಮ್ಯಾಲ ಕುಂತೆ, ಬಾಯಿ ಮುಚ್ಚಿಕೊಂಡು. ಇದು ದಾಖಲೆ ಅಂತ ಬರಕೊಳ್ರಿ. ರಾಜಶೇಖರ ಎರಡು ಮಿನಿಟಿಗೊಮ್ಮೆ ಮಣಕಾಲೂರಿ ಗಾಡಿ ಕೆಳಗ ತಲಿ ಹಾಕೂದು, ತಗಿಯೂದು. ಇಪ್ಪತ್ತೆರಡನೇ ಮಿನಿಟಿಗೆ ಅಂವ ತಲಿ ಹಾಕಿದ, ಹಂಗ ನಿಂತುಬಿಟ್ಟ. ರಟ್ಟಿನ ನಡುವ ಒಂದು ಹನಿ.

ಕುಮಾರಸ್ವಾಮಿ ಬಂದ. ಬಗ್ಗಿದ. ಬಟ್ಟಿನಿಂದ ಮುಟ್ಟಿದ, ತಿಕ್ಕಿದ, ಮೂಸಿ ನೋಡಿದ. ಆಮ್ಯಾಲ ರಾಜಶೇಖರನ ಮೂಗಿನ ತುದಿ ನೋಡಿದ. ಅಲ್ಲೆ ಇನ್ನೊಂದು ಹನಿ ಬೀಳಾಕ ತಯಾರಾಗಿತ್ತು.

"ಇದು ನಿಮ್ಮ ಬೆವರ್ರಿ. ದೂರ ನಿಂದರ್ರಿ, ಇಲ್ಲಂದ್ರ ನಿಮ್ಮನ್ನ ಹೊರಗ ಹಾಕ್ತೇನಿ, ಗಾಡಿ ಒಳಗ ಬಿಡ್ತೇನಿ."

ಹತ್ತೂವರಿಗೆ ರಟ್ಟು ಎತ್ತಿದ್ರು. ಬೆವರಿನ ಹನಿ ಆಗಲೇ ಒಣಗಿತ್ತು. ಹನ್ನೊಂದಕ್ಕ ಮೊದಲನೇ ಖೇಪು ಲಕಮನಹಳ್ಳಿ ಕಡೆ ಹೊಂಟಿತು.

ಆಮ್ಯಾಲ ನಮ್ಮ ಹುಡುಗ ವಿಡಿಯೋ ಬಿಟ್ಟ. "ಹಲೋ ಫ್ರೆಂಡ್ಸ್." ಗೇರ್‌ಬಾಕ್ಸಿನ ಸೀಟಿ ಹೆಂಗ ಮುಚ್ಚತೈತಿ ಅಂತ ಛಲೋ ತಿಳಿಸಿ ಹೇಳ್ಯಾನ. ಹಿರ್ಯಾರ ಮಾನಾ ಉಳಿಸೂ ಸಲುವಾಗಿ ವಿಭೂತಿ ಹೆಸರ ತಗದಿಲ್ಲ, "ಹೊರಗಿನ ಒಂದು ವಸ್ತು" ಅಂದಾನ. ಹಿಂದ ಹೊರಸಿನ ಮ್ಯಾಲ ಕುಂತಾಂವ ನಾನ ಕಾಣಾಕತ್ತೇನಿ.

ಮೊನ್ನಿ ಅಮಾಸಿ ಬಂತು. ನಾ ತಾಟು ಹಿಡಕೊಂಡು ಹೋದ್ರ ಕ್ಯಾಬಿನ್ ಬಗ್ಗಿಸಿತ್ತು, ಒಳಗ ಆ ಟೊಪ್ಪಿಗಿ ಸುತ್ತ ಕೆಂಪು ಬಣ್ಣದ ಗುಂಡು. ಪಕ್ಕಕ್ಕ ಲಾಲಸಾಬನ ಕೈಬರಹ, ಕನ್ನಡದಾಗ, ಸಾಲಿ ಮಾಸ್ತರರಂಗ ದುಂಡಗ: "ಇಲ್ಲೆ ಪೂಜಾ ಬಂದ್." ನಾ ಅದರ ಮುಂದ ಒಂದಿಷ್ಟು ನಿಂತೆ. ಒಂದು ಬಟ್ಟಿನಿಂದ ಟೊಪ್ಪಿಗೀನ್ನ ಮುಟ್ಟಿದೆ. ಗಡಗಡ ಅಲ್ಲಾಡಿತು. ಬಿಟ್ಟೆ. ಬಂಪರಿಗೆ ವಿಭೂತಿ ಎಳದು ಕಾಯಿ ಒಡದೆ.

ಹಿಂಗೈತಿ ಸೌಮ್ಯಾ. ಯಾರ ತಪ್ಪು ಅಂತ ಕೇಳಿದ್ರ ಎರಡೂವರಿ ಗೆರಿ ನನ್ನವು, ಮ್ಯಾಲಿನ ಬಣ್ಣಾ ಅವಂದು. ಗದಗಿನ ಬೀಗರ, ಕೇಳಿದ್ರ್ಯಾ? ಸ್ಟೇರಿಂಗಿನ ಮ್ಯಾಲ ಹೀರಿಕಾಯಿ ಬಂದಿದ್ರ ನಾಕು ಕಳಸ್ರಿ, ಎಳೇವು ನೋಡಿ.